ಪಂಪ್ ಶುರುವಾದರೆ ವಯರ್‌ಲೆಸ್‌ನಲ್ಲಿ ಕರಕರ: ಬೋಟ್ ಮಾಲಕರು ಗಮನಿಸಿ

ಮಂಗಳೂರು: ದಕ್ಕೆಯಿಂದ ಹೊರಟ ಬೋಟ್ ಆಳ ಸಮುದ್ರದಲ್ಲಿದೆ. ತಳದಲ್ಲಿ ಸೇರಿದ ನೀರು ತೆಗೆಯಲು ಬಿಲ್ಜ್ ಪಂಪ್ ಹಾಕಿದ ಕೂಡಲೇ ವಯರ್‌ಲೆಸ್‌ನಲ್ಲಿ ಕರಕರ ಸದ್ದು, ಫಿಶ್ ಫೈಂಡರ್ ಪರದೆಯಲ್ಲಿ ಗೆರೆಗಳು. ಕಿರಿಕಿರಿ ತಾಳಲಾರದೆ ತಂಡೇಲ ವಯರ್‌ಲೆಸ್‌ನ ಸ್ಕ್ವೆಲ್ಚ್ ತಿರುಗಿಸುತ್ತಾನೆ. ಸದ್ದು ನಿಲ್ಲುತ್ತದೆ.

ಅಪಾಯ ಇರುವುದು ಇಲ್ಲೇ. ಸ್ಕ್ವೆಲ್ಚ್ ಏರಿಸಿದರೆ ಕರಕರ ಮಾತ್ರ ಅಲ್ಲ, ದೂರದಿಂದ ಬರುವ ಕ್ಷೀಣ ಧ್ವನಿಯೂ ಕೇಳಿಸದು. ಚಾನೆಲ್ 16ರಲ್ಲಿ, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ, ಮುಳುಗುತ್ತಿರುವ ಬೋಟಿನವರು ಕೂಗಿ ಕರೆದರೂ ಈ ಬೋಟಿಗೆ ಗೊತ್ತೇ ಆಗದು. ಹಾಗಾಗಿ ಸದ್ದನ್ನು ಹುಟ್ಟುವಲ್ಲೇ ನಿಲ್ಲಿಸಬೇಕು.

ಕಾರಣ ಏನು?

ಸೊಲೆನಾಯ್ಡ್, ರಿಲೇಗಳ ಒಳಗಿರುವುದು ತಂತಿಯ ಸುರುಳಿ. ಕರೆಂಟ್ ಹರಿಯುವಾಗ ಅದರಲ್ಲಿ ಕಾಂತಶಕ್ತಿ ತುಂಬಿರುತ್ತದೆ. ಸ್ವಿಚ್ ಆಫ್ ಮಾಡಿದ ಕ್ಷಣ ಆ ಶಕ್ತಿಗೆ ಹೋಗಲು ದಾರಿ ಇಲ್ಲ. 12 ಅಥವಾ 24 ವೋಲ್ಟ್‌ನ ಸುರುಳಿಯಲ್ಲೂ ನೂರಾರು ವೋಲ್ಟ್ ಎದ್ದು, ಸ್ವಿಚ್‌ನಲ್ಲಿ ಕಿಡಿ ಹಾರುತ್ತದೆ. ಆ ಕಿಡಿಯೇ ರೇಡಿಯೋ ಸದ್ದು. ಪಂಪ್ ಮೋಟಾರಿನಲ್ಲಿ ಬ್ರಷ್‌ಗಳು ತಿರುಗುವಷ್ಟು ಹೊತ್ತೂ ಇಂಥದ್ದೇ ಕಿಡಿ ಇರುತ್ತದೆ.

ಇದು ಬೋಟಿನ ಕಾಯಿಲೆ ಮಾತ್ರ ಅಲ್ಲ. ಲಾರಿಗಳಿಗೆ ಹೆಸರಾದ ಸೇಲಂ ಜಿಲ್ಲೆಯ ಶಂಕಗಿರಿಯ 24 ವೋಲ್ಟ್ ಲಾರಿಯಲ್ಲೂ ಏರ್ ಹಾರ್ನ್‌ನ ಸೊಲೆನಾಯ್ಡ್ ಬಿಟ್ಟಾಗ ರೇಡಿಯೋ ಚಟ್ ಎನ್ನಲು ಇದೇ ಕಾರಣ. ಮದ್ದೂ ಒಂದೇ.

ಏನು ಮಾಡಬೇಕು?

* ಸೊಲೆನಾಯ್ಡ್ ಮತ್ತು ರಿಲೇ ಸುರುಳಿಗೆ ಅಡ್ಡವಾಗಿ, ಅದರ ಹತ್ತಿರವೇ ಒಂದು ಡಯೋಡ್ ಹಾಕಿ. ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ಉಲ್ಟಾ ಆದರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. 1 ಆಂಪಿಯರ್ ಒಳಗಿನ ಸುರುಳಿಗೆ 1ಎನ್4007 ಸಾಕು, 3 ಆಂಪಿಯರ್‌ವರೆಗೆ 1ಎನ್5408.
* ಎರಡೂ ಕಡೆ ತಿರುಗುವ ಮೋಟಾರಿಗೆ ಡಯೋಡ್ ಬೇಡ.
* ಪಂಪ್ ಮೋಟಾರಿನ ಎರಡು ವಯರ್‌ಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ. ನೀರಲ್ಲಿ ಮುಳುಗುವ ಪಂಪಾದರೆ ವಯರ್ ಜೋಡಿಸುವ ಒಣ ಜಾಗದಲ್ಲಿ, ಪಂಪಿಗೆ ಆದಷ್ಟು ಹತ್ತಿರ.
* ಪಂಪಿನ ಪಾಸಿಟಿವ್, ನೆಗೆಟಿವ್ ವಯರ್‌ಗಳನ್ನು ಒಂದಕ್ಕೊಂದು ಹೊಸೆದು ಎಳೆಯಿರಿ. ಆಂಟೆನಾ ಕೇಬಲ್ ಜೊತೆ ಕಟ್ಟಬೇಡಿ.
* ವಯರ್‌ಲೆಸ್‌ಗೆ ಬ್ಯಾಟರಿಯಿಂದಲೇ ಫ್ಯೂಸ್ ಹಾಕಿದ ಪ್ರತ್ಯೇಕ ಲೈನ್ ಕೊಡಿ.

ಎಲ್ಲಿಂದ ಸದ್ದು ಬರುತ್ತಿದೆ ಎಂದು ತಿಳಿಯಲು ದಕ್ಕೆಯಲ್ಲೇ ಎಲ್ಲ ಆಫ್ ಮಾಡಿ, ಸ್ಕ್ವೆಲ್ಚ್ ಪೂರ್ತಿ ಇಳಿಸಿ, ಒಂದೊಂದೇ ಸ್ವಿಚ್ ಹಾಕಿ ನೋಡಿದರೆ ಆಯಿತು. ಉಪ್ಪು ಹಿಡಿದ ಜಾಯಿಂಟ್‌ಗಳನ್ನೂ ಆಗಲೇ ಶುಚಿ ಮಾಡಿ.

ಯಾಂತ್ರಿಕ ಬೋಟ್‌ಗಳು ದಡದಲ್ಲಿರುವ ಜೂನ್ 1ರಿಂದ ಜುಲೈ 31ರ ನಿಷೇಧದ ಅವಧಿ ಈ ಕೆಲಸಕ್ಕೆ ಸರಿಯಾದ ಸಮಯ. ಡಯೋಡ್‌ಗೆ ಬೀಳುವುದು ಕೆಲವೇ ರೂಪಾಯಿ. ಸಮುದ್ರದಲ್ಲಿ ಒಬ್ಬರ ಕರೆ ಇನ್ನೊಬ್ಬರಿಗೆ ಕೇಳಿಸಿದರೆ ಉಳಿಯುವುದು ಜೀವ.