ಎಂಟು ವರ್ಷಕ್ಕೇ ಯಜಮಾನಿಕೆ!

ಚಾಮರಾಜನಗರ: "ಅಳಬ್ಯಾಡ ಕನ ಮಗ, ಇನ್ಮ್ಯಾಲೆ ಮನೆಗೆ ನೀನೇ ದೊಡ್ಡೋನು." ಸಾವಿನ ಮನೆಯಲ್ಲಿ ನಾವೆಲ್ಲ ಆಡಿಬಿಡುವ ಮಾತಿದು. 2021ರ ಮೇ ತಿಂಗಳಲ್ಲಿ ಇಲ್ಲಿನ ಜಿಲ್ಲಾಸ್ಪತ್ರೆ ಆಮ್ಲಜನಕಕ್ಕೆ ಪರದಾಡಿದ ಒಂದೇ ದಿನದಲ್ಲಿ 24 ಮಂದಿ ಸತ್ತರು. ಪರಿಹಾರದ ಮಾತು ಬಹಳ ನಡೆಯಿತು. ಆ ಮನೆಗಳ ಮಕ್ಕಳ ಮನಸ್ಸಿನ ಮಾತು ಎಷ್ಟು ನಡೆಯಿತು ಸ್ವಾಮಿ?

ಸಾವೇ ಆಗಬೇಕೆಂದಿಲ್ಲ. ಗುಂಡ್ಲುಪೇಟೆಯಿರಲಿ, ನಗರವಿರಲಿ, ಅಪ್ಪ ಕುಡಿದು ಬರುವ ಮನೆಯಲ್ಲೂ ಇದೇ ಕಥೆ. ಹೆಜ್ಜೆ ಸದ್ದಿನಲ್ಲೇ ಅವನ ಕೋಪ ಅಳೆದು, ತಮ್ಮಂದಿರನ್ನು ಹಿತ್ತಿಲಿಗೆ ಸಾಗಿಸುವ ಹುಡುಗಿಗೆ ಊರು 'ಬಲೇ ಜಾಣೆ' ಎನ್ನುತ್ತದೆ. ಅವಳೇ ಬೆಳೆದು ಮದುವೆಯಾದ ಮೇಲೆ ಗಂಡನ ಮುಖ ಸಪ್ಪಗಾದರೆ ತಪ್ಪು ತನ್ನದೇ ಅಂದ್ಕೋತಾಳೆ. ದುಡಿದದ್ದನ್ನು ಕೇಳಿದವರಿಗೆಲ್ಲ ಕೊಟ್ಟು ತಾನು ಸಾಲ ಮಾಡುತ್ತಾಳೆ. 'ಆಗಲ್ಲ' ಅನ್ನೋಕೆ ಬಾಯೇ ಬರದು. ಊರು ಇದನ್ನು ದೊಡ್ಡತನ ಎನ್ನುತ್ತದೆ. ಇದು ಹಳೇ ಭಯ.

ಬಾಲ್ಯದ ನೋವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ ಹೆಚ್ಚೆಂದು ಅಮೆರಿಕದ ವೈದ್ಯರಾದ ಫೆಲಿಟಿ ಮತ್ತು ಆಂಡಾ 1998ರಲ್ಲೇ ಸಾವಿರಾರು ಜನರನ್ನು ವಿಚಾರಿಸಿ ತೋರಿಸಿದ್ದಾರೆ.

ಸರ್ಕಾರದ ಟೆಲಿ ಮನಸ್, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡುತ್ತಾರೆ. ಅದಕ್ಕೂ ಮೊದಲು, ಮುಂದಿನ ಸಾವಿನ ಮನೆಯಲ್ಲಿ ನಾವು ಮಾತು ಬದಲಿಸೋಣ: "ಅತ್ಬುಡು ಮಗ, ಮನೆ ನಾವು ನೋಡ್ಕತೀವಿ."

ಹೇಳಿದ ಮೇಲೆ ನೋಡ್ಕೊಳ್ಳೋಣ.