ರಿಸೀವರ್ ಮೂಕಾದರೆ ನೀವೂ ಮೂಕರಾಗಬೇಡಿ!

ಮನೆಗೆ ರೇಡಿಯೋ ಬಂದರೆ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ, ಎತ್ತರದ ಷೆಲ್ಫಿನಲ್ಲಿ ಕೂರಿಸುತ್ತಿದ್ದ ಕಾಲವೊಂದಿತ್ತು. ಆಮೇಲೆ ಟೇಪ್ ರೆಕಾರ್ಡರ್ ಬಂತು, ಟಿ.ವಿ. ಬಂತು, ಸಿ.ಡಿ. ಪ್ಲೇಯರ್ ಬಂದೂ ಹೋಯಿತು. ಈಗ ಊರಿನ ಎಷ್ಟೋ ಮನೆಗಳ ಹಜಾರದಲ್ಲಿ 'ಹೋಮ್ ಥಿಯೇಟರ್' ಬಂದು ಕುಳಿತಿದೆ. ಗೋಡೆಗೆ ದೊಡ್ಡ ಟಿ.ವಿ., ಸುತ್ತಲೂ ಐದು ಸ್ಪೀಕರುಗಳು, ಮೂಲೆಯಲ್ಲಿ ಗುಡುಗುವ ಒಂದು ಸಬ್‌ವೂಫರ್. ಇವೆಲ್ಲಕ್ಕೂ ಮನೆಯ ಹಿರಿಯನಂತೆ ನಡುವೆ ಕೂತಿರುವ ಕಪ್ಪು ಪೆಟ್ಟಿಗೆಯೇ ರಿಸೀವರ್.

ತರುವ ದಿನ ಸಂಭ್ರಮವೋ ಸಂಭ್ರಮ. ಅಂಗಡಿಯವರು ಕಾಫಿ ಕೊಡುತ್ತಾರೆ, 'ಅಕ್ಕಾ, ಏನಾದ್ರೂ ತೊಂದರೆ ಬಂದ್ರೆ ಒಂದು ಫೋನ್ ಮಾಡಿ ಸಾಕು' ಎನ್ನುತ್ತಾರೆ. ಆರು ತಿಂಗಳು ಕಳೆದು ಒಂದು ಸಂಜೆ ಅದು 'ಟಿಕ್' ಎಂದು ಆರಿಹೋದಾಗ ಫೋನ್ ಮಾಡಿ ನೋಡಿ! 'ಅದು ಕಂಪನಿಯವರ ಕೆಲಸ, ನಮ್ಮದಲ್ಲ' ಎಂಬ ಉತ್ತರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಸುಮ್ಮನೆ ಹುಟ್ಟಿತೇ?

'ಅದೆಲ್ಲ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ, ನಮಗೇಕೆ?' ಅಂತೀರಾ? ಸ್ವಲ್ಪ ಯೋಚಿಸಿ. ಮನೆಯವರು ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಬರುವುದು ಸಂಜೆಗೆ. ರಿಪೇರಿಯ ಹುಡುಗ ಬರುವುದು ಹನ್ನೊಂದು ಗಂಟೆಗೆ, ನೀವು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ! ಬಂದವನು ಮೊದಲು ಕೇಳುವ ಪ್ರಶ್ನೆ, 'ಮನೇಲಿ ಯಜಮಾನ್ರು ಇಲ್ವಾ ಅಮ್ಮಾ?' ಇಲ್ಲ ಎಂದರೆ ಪೆಟ್ಟಿಗೆಯನ್ನು ಒಮ್ಮೆ ತಟ್ಟಿ, 'ಬೋರ್ಡ್ ಹೋಗಿದೆ, ಹದಿನೈದು ಸಾವಿರ ಆಗುತ್ತೆ' ಎಂದು ಹೇಳಿ ಹೋಗುತ್ತಾನೆ. ಆ ಹದಿನೈದು ಸಾವಿರ ಬರಬೇಕಾದುದು ನಿಮ್ಮದೇ ಚೀಟಿ ದುಡ್ಡಿನಿಂದ, ಇಲ್ಲವೇ ಮಕ್ಕಳ ಫೀಸಿಗೆಂದು ಎತ್ತಿಟ್ಟದ್ದರಿಂದ. ಆದ್ದರಿಂದ ಈ ಪೆಟ್ಟಿಗೆಯ ಗುಣ, ಅವಗುಣ, ಹಕ್ಕುಬಾಧ್ಯತೆ ಎಲ್ಲವನ್ನೂ ನೀವೇ ಅರಿತಿರುವುದು ಒಳ್ಳೆಯದು.

ಪೆಟ್ಟಿಗೆಯೊಳಗೇನಿದೆ?

ರಿಸೀವರ್ ಮಾಡುವ ಕೆಲಸ ಎರಡು. ಟಿ.ವಿ.ಯಿಂದಲೋ ಸೆಟ್‌ಟಾಪ್ ಬಾಕ್ಸಿನಿಂದಲೋ ಬಂದ ಧ್ವನಿಯನ್ನು ಬಿಡಿಸಿ, ಯಾವ ಸದ್ದು ಯಾವ ಸ್ಪೀಕರಿಗೆ ಎಂದು ಹಂಚುವುದು ಒಂದು. ಹಾಗೆ ಹಂಚಿದ ಸದ್ದಿಗೆ ಶಕ್ತಿ ತುಂಬಿ ಕಳಿಸುವುದು ಇನ್ನೊಂದು. ಪೆಟ್ಟಿಗೆಯ ಮೇಲೆ '೫.೧' ಎಂದು ಬರೆದಿದ್ದರೆ ಐದು ಸ್ಪೀಕರು, ಒಂದು ಸಬ್‌ವೂಫರ್ ಎಂದರ್ಥ. ಚಿತ್ರಮಂದಿರಗಳಲ್ಲಿ ಡಾಲ್ಬಿ ಡಿಜಿಟಲ್ ಎಂಬ ಈ ಧ್ವನಿ ವಿಧಾನ ಮೊದಲು ಕೇಳಿಬಂದದ್ದು ೧೯೯೨ರ ಇಂಗ್ಲಿಷ್ ಚಿತ್ರ 'ಬ್ಯಾಟ್‌ಮನ್ ರಿಟರ್ನ್ಸ್'ನಲ್ಲಿ. ತಲೆಯ ಮೇಲಿನಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಬಂದದ್ದು ೨೦೧೨ರಲ್ಲಿ.

ಇಷ್ಟು ತಿಳಿದರೆ ಅರ್ಧ ರೋಗ ನಿಮಗೇ ಗೊತ್ತಾಗುತ್ತದೆ. ಹಾಡು, ಹಿನ್ನೆಲೆ ಸಂಗೀತ ಚೆನ್ನಾಗಿ ಕೇಳುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲವೇ? ಚಿತ್ರದ ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರಿನಿಂದ. ಅದರ ತಂತಿ ಸಡಿಲವಾಗಿರಬಹುದು, ನೋಡಿ. ಗುಡುಗು ನಿಂತಿದೆಯೇ? ಬಹುಮಟ್ಟಿಗೆ ಸಬ್‌ವೂಫರಿಗೆ ತನ್ನದೇ ವಿದ್ಯುತ್ ವಯರು ಇರುತ್ತದೆ. ಕಸ ಗುಡಿಸುವಾಗ ಪ್ಲಗ್ ಕಳಚಿರಬಹುದು. ಟಿ.ವಿ. ಧಾರಾವಾಹಿಯ ಸದ್ದು ರಿಸೀವರಿಗೆ ಬರುತ್ತಿಲ್ಲವೇ? ಟಿ.ವಿ.ಯ ಹಿಂದೆ ಎಚ್‌ಡಿಎಂಐ ಕಿಂಡಿಗಳು ಹಲವು ಇದ್ದರೂ 'ಎಆರ್‌ಸಿ' ಎಂದು ಬರೆದಿರುವುದು ಸಾಮಾನ್ಯವಾಗಿ ಒಂದೇ. ಕೇಬಲ್ ಅದರಲ್ಲೇ ಇರಬೇಕು.

ತನ್ನಷ್ಟಕ್ಕೆ ಆರಿಹೋದರೆ

ರಿಸೀವರ್ ಹಚ್ಚಿದ ಕೂಡಲೇ 'ಟಿಕ್' ಎಂದು ಆರಿದರೆ ಗಾಬರಿ ಬೇಡ. ಅನೇಕ ವೇಳೆ ಅದು ಸತ್ತಿಲ್ಲ, ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಸ್ಪೀಕರಿನ ತಂತಿ ಅನೇಕ ಸಣ್ಣ ಎಳೆಗಳ ಹುರಿ. ಅದರ ಒಂದೇ ಒಂದು ಎಳೆ ಕವಲೊಡೆದು ಪಕ್ಕದ ತಂತಿಗೋ ಹಿಂಬದಿಯ ಲೋಹಕ್ಕೋ ತಗುಲಿದರೂ ಸಾಕು, ರಿಸೀವರ್ ಅಪಾಯವೆಂದು ತಿಳಿದು ಆರುತ್ತದೆ.

ಆಗ ಹೀಗೆ ಮಾಡಿ. ಮೊದಲು ಪ್ಲಗ್ಗನ್ನೇ ಗೋಡೆಯಿಂದ ಕಳಚಿ. ಯಾವ ತಂತಿ ಎಲ್ಲಿತ್ತೆಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು, ಸ್ಪೀಕರಿನ ತಂತಿಗಳನ್ನೆಲ್ಲ ಬಿಚ್ಚಿ. ಈಗ ಬರಿಯ ರಿಸೀವರ್ ಹಚ್ಚಿ ನೋಡಿ. ಆರದೆ ನಿಂತರೆ ದೋಷ ತಂತಿಯಲ್ಲೋ ಸ್ಪೀಕರಿನಲ್ಲೋ ಇರುವ ಸಂಭವವೇ ಹೆಚ್ಚು. ಸೂಜಿಗೆ ದಾರ ಪೋಣಿಸುವಾಗ ಮಾಡುವಂತೆ ಎಳೆಗಳನ್ನು ಬಿಗಿಯಾಗಿ ಹೊಸೆದು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಒಂದೊಂದಾಗಿ ಸೇರಿಸಿ. ಪ್ರತಿ ಸಲವೂ ಪ್ಲಗ್ ಕಳಚಿಯೇ ತಂತಿ ಮುಟ್ಟಬೇಕು. ಎಲ್ಲ ತಂತಿ ಬಿಚ್ಚಿದ ಮೇಲೂ ಆರಿದರೆ ಮಾತ್ರ ರೋಗ ಒಳಗಿದೆ. ಆಗ ಮುಚ್ಚಳಕ್ಕೆ ಕೈಹಾಕಬೇಡಿ! ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅಲ್ಲದೆ, ಹೊರಗಿನವರು ಬಿಚ್ಚಿದ್ದಾರೆಂಬ ನೆಪ ಸಿಕ್ಕರೆ ವಾರಂಟಿಯೂ ಹೋದಂತೆಯೇ.

ಸಾಕುವುದು ಹೇಗೆ?

ರಿಸೀವರಿನ ಮೊದಲ ಶತ್ರು ಶಾಖ. ದೋಸೆಕಲ್ಲಿನಂತೆ ಅಲ್ಲದಿದ್ದರೂ ಅದು ಬಿಸಿಯಾಗುವುದು ಸಹಜ. ಆ ಬಿಸಿ ಹೋಗಲೆಂದೇ ಮೇಲೆ ಜಾಲರಿ ಇರುವುದು. ಅಂದಕ್ಕೆಂದು ಅದರ ಮೇಲೆ ಕ್ರೋಶಾ ಬಟ್ಟೆ ಹಾಕಬೇಡಿ, ಹೂದಾನಿ ಇಡಬೇಡಿ, ಮುಚ್ಚಿದ ಷೋಕೇಸಿನಲ್ಲಿ ಕೂಡಿಹಾಕಬೇಡಿ. ಮೇಲೆ, ಹಿಂದೆ ಗಾಳಿಯಾಡಲು ಧಾರಾಳ ಜಾಗವಿರಲಿ.

ಎರಡನೆಯ ಶತ್ರು ನಮ್ಮೂರ ಕರೆಂಟು! ಹೋಗಿ ಬಂದು ಮಾಡುವಾಗ ವೋಲ್ಟೇಜು ಏರಿಳಿಯುತ್ತದೆ. ಒಳ್ಳೆಯ ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್ ಇರಲಿ. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ, ಮಳೆ ತಲೆಯ ಮೇಲೆ ಬರುವ ಮೊದಲೇ, ಪ್ಲಗ್ ಕಳಚಿ, ಕೇಬಲ್ ಟಿ.ವಿ.ಯ ವಯರನ್ನೂ ಬಿಡಿಸಿಬಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು. ಮೂರನೆಯದು ಇರುವೆ, ಜಿರಲೆ, ಹಲ್ಲಿ. ರಿಸೀವರಿನ ಹತ್ತಿರ ಕೂತು ಚಕ್ಕುಲಿ, ಮಿಠಾಯಿ ತಿನ್ನುವ ಪದ್ಧತಿ ಬೇಡ. ಮಲೆನಾಡು, ಕರಾವಳಿಯ ಸೋದರಿಯರು ಮಳೆಗಾಲದಲ್ಲಿ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಹಚ್ಚಿಟ್ಟರೆ ತೇವ ಕೂರುವುದು ತಪ್ಪುತ್ತದೆ. ಸ್ಪೀಕರ್ ಬದಲಿಸುವಾಗ ಅದರ 'ಓಮ್' ಸಂಖ್ಯೆ ರಿಸೀವರಿನ ಹಿಂದೆ ಬರೆದ ಸಂಖ್ಯೆಗಿಂತ ಕಡಿಮೆ ಇರದಂತೆ ನೋಡಿಕೊಳ್ಳಿ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ಅಲ್ಲಿಂದಲೇ ತರುತ್ತೇನೆಂದರೆ ಒಂದು ಮಾತು ಕೇಳಿ. ಅಲ್ಲಿಯ ವಿದ್ಯುತ್ತು ೧೨೦ ವೋಲ್ಟ್, ನಮ್ಮದು ೨೩೦. ಅಲ್ಲಿಗೆಂದೇ ಮಾಡಿದ ರಿಸೀವರನ್ನು ಇಲ್ಲಿ ನೇರವಾಗಿ ಚುಚ್ಚಿದರೆ ಕ್ಷಣದಲ್ಲಿ ಸುಟ್ಟೀತು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಅಲ್ಲಿಯ ವಾರಂಟಿ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ.

ಕೊಳ್ಳುವ ದಿನವೇ ಮಾಡಬೇಕಾದ್ದು

'ಬಿಲ್ ಬೇಡ ಅಂದ್ರೆ ಸಾವಿರ ಕಡಿಮೆ ಮಾಡ್ತೀನಿ ಅಕ್ಕಾ' ಎಂದರೆ ಮರುಳಾಗಬೇಡಿ. ಬಿಲ್ಲಿಲ್ಲದೆ ವಾರಂಟಿಯಿಲ್ಲ. ೨೦೧೯ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ ಕೊಡದಿರುವುದೇ ಒಂದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕಾರ್ಡಿಗೆ ತಾರೀಖಿನೊಂದಿಗೆ ಅಂಗಡಿಯ ಮೊಹರು ಹಾಕಿಸಿ. ಬಿಲ್ಲಿನ ಶಾಯಿ ದಿನ ಕಳೆದಂತೆ ಮಾಸುವುದುಂಟು. ಒಂದು ಜೆರಾಕ್ಸ್ ಮಾಡಿಸಿಡಿ.

ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂ.ಆರ್.ಪಿ., ದೂರು ಹೇಳಲು ಫೋನ್ ನಂಬರು ಇರಲೇಬೇಕೆಂದು ನಿಯಮವಿದೆ. ಹೊರದೇಶದ ಸಾಮಾನಾಗಿದ್ದು ಭಾರತದ ವಿಳಾಸವೇ ಇಲ್ಲದಿದ್ದರೆ ಅದು ಕಳ್ಳದಾರಿಯಲ್ಲಿ ಬಂದಿರಬಹುದು. ಇನ್ನೊಂದು ಮಾತು: ಥರ್ಮೋಕೋಲನ್ನೂ ರಟ್ಟಿನ ಪೆಟ್ಟಿಗೆಯನ್ನೂ ಹಳೇ ಸಾಮಾನಿನವನಿಗೆ ಹಾಕಬೇಡಿ. ಎಂಟು ಹತ್ತು ಕಿಲೋ ತೂಗುವ ರಿಸೀವರನ್ನು ಬಸ್ಸಿನಲ್ಲಿ ಜಿಲ್ಲಾ ಕೇಂದ್ರದ ಸರ್ವಿಸ್ ಸೆಂಟರಿಗೆ ಒಯ್ಯುವ ದಿನ ಅದರ ಬೆಲೆ ತಿಳಿಯುತ್ತದೆ. ರಿಪೇರಿಯವರು ಮನೆಗೆ ಬರುತ್ತಾರೋ ನಾವೇ ಒಯ್ಯಬೇಕೋ ಎಂಬುದನ್ನೂ ಕೊಳ್ಳುವಾಗಲೇ ಕೇಳಿಕೊಳ್ಳಿ.

ಸರ್ವಿಸ್ ಸೆಂಟರಿನ ಬಾಗಿಲಲ್ಲಿ

ನಮಗೆ ಪರಿಚಯದ ಒಬ್ಬ ಗೃಹಿಣಿಯ ಅನುಭವ ಕೇಳಿ. ತಾಲ್ಲೂಕು ಊರಿನವರು. ಹೊಲಿಗೆಯಿಂದ ಕೂಡಿಟ್ಟ ಹಣದಲ್ಲಿ ರಿಸೀವರ್ ಕೊಂಡಿದ್ದರು. ವಾರಂಟಿಯೊಳಗೇ ಕೆಟ್ಟಿತು. ಸರ್ವಿಸ್ ಸೆಂಟರಿನಲ್ಲಿ ಎರಡು ತಿಂಗಳು ಇಟ್ಟುಕೊಂಡು, ಕೊನೆಗೆ ಫೋನಿನಲ್ಲಿ 'ಒಳಗೆ ಇರುವೆ ಹೊಕ್ಕಿದೆ ಮೇಡಂ, ವಾರಂಟಿ ಬರಲ್ಲ, ದುಡ್ಡು ಕಟ್ಟಿ' ಎಂದರು. ಆಕೆ ಜಗಳಕ್ಕೆ ಹೋಗಲಿಲ್ಲ. 'ಹಾಗಾದರೆ ಅದನ್ನೇ ಕಾಗದದಲ್ಲಿ ಬರೆದು, ಇರುವೆಯ ಫೋಟೋ ಸಮೇತ ಕಳಿಸಿ' ಎಂದರು, ಅಷ್ಟೆ. ಕಾಗದವೂ ಬರಲಿಲ್ಲ, ಫೋಟೋವೂ ಬರಲಿಲ್ಲ. ಆಕೆ ಪೆಟ್ಟಿಗೆಯ ಮೇಲಿದ್ದ ಕಂಪನಿಯ ವಿಳಾಸಕ್ಕೇ ರಿಜಿಸ್ಟರ್ಡ್ ಪತ್ರ ಹಾಕಿದರು. ಹದಿನೈದು ದಿನಗಳಲ್ಲಿ ಕಂಪನಿಯಿಂದಲೇ ಫೋನು. ರಿಸೀವರ್ ಪುಕ್ಕಟೆ ರಿಪೇರಿಯಾಗಿ ಮನೆ ಸೇರಿತು!

ಇದರ ಗುಟ್ಟು ಏನು? ಬಾಯಿಮಾತನ್ನು ಕಾಗದಕ್ಕೆ ಇಳಿಸುವುದು. ನೀವೂ ಹೀಗೆ ಮಾಡಿ:

೧. ಸಾಮಾನು ಕೊಡುವಾಗ ಜಾಬ್ ಷೀಟ್ ಇಲ್ಲದೆ ಕೊಡಬೇಡಿ. ಅದರಲ್ಲಿ ತಾರೀಖು, ಸೀರಿಯಲ್ ನಂಬರ್, ಏನು ದೋಷ, ಹೊರಗೆ ಒಡಕು ಗೀರು ಇಲ್ಲ ಎಂಬುದು ಇರಲಿ.

೨. ರಿಮೋಟು, ಕೇಬಲು ಕೊಟ್ಟಿದ್ದರೆ ಅದನ್ನೂ ಬರೆಸಿ. ಬೇಡದಿದ್ದರೆ ಮನೆಯಲ್ಲೇ ಇರಲಿ.

೩. ವಾರಂಟಿ ಮುಗಿದಿದ್ದರೆ ಖರ್ಚಿನ ಅಂದಾಜು ಬರಹದಲ್ಲಿ ಬರಲಿ. ನೀವು ಒಪ್ಪುವವರೆಗೆ ಬಿಚ್ಚುವಂತಿಲ್ಲ ಎನ್ನಿ. ಬದಲಿಸಿದ ಹಳೆಯ ಬೋರ್ಡನ್ನು ತೋರಿಸಿ ಎಂದು ಕೇಳಿ.

೪. ಫೋನಿನಲ್ಲಿ ಮಾತಾಡಿದ ಪ್ರತಿ ಸಲವೂ ತಾರೀಖು, ದೂರಿನ ನಂಬರ್, ಮಾತಾಡಿದವರ ಹೆಸರನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಾದರೂ ಗುರುತು ಹಾಕಿ.

೫. ಕಂಪನಿಯ ಫೋನ್ ನಂಬರನ್ನು ಮೊಬೈಲಿನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ. ಅಲ್ಲಿ ಮೋಸಗಾರರು ಬಲೆ ಬೀಸಿರುತ್ತಾರೆ. ವಾರಂಟಿ ಕಾರ್ಡಿನಲ್ಲಿ ಅಚ್ಚಾದ ನಂಬರನ್ನೇ ನಂಬಿ. 'ಹತ್ತು ರೂಪಾಯಿ ಕಳಿಸಿ', 'ಒಟಿಪಿ ಹೇಳಿ', 'ಈ ಆ್ಯಪ್ ಹಾಕಿಕೊಳ್ಳಿ' ಎಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ೧೯೩೦ಕ್ಕೆ ದೂರು ಕೊಡಿ.

ಪತ್ರ ಹೀಗಿರಲಿ

'ಮಾನ್ಯರೇ, ನಾನು ಇಂಥ ತಾರೀಖಿನಂದು ಇಂಥ ಅಂಗಡಿಯಲ್ಲಿ ಇಷ್ಟು ರೂಪಾಯಿ ಕೊಟ್ಟು ನಿಮ್ಮ ರಿಸೀವರ್ (ಮಾಡೆಲ್, ಸೀರಿಯಲ್ ನಂಬರ್) ಕೊಂಡಿರುತ್ತೇನೆ. ವಾರಂಟಿ ಅವಧಿಯಲ್ಲೇ ಇಂಥ ದೋಷ ಕಂಡಿದೆ. ಇಂಥ ದಿನ ಸರ್ವಿಸ್ ಸೆಂಟರಿಗೆ ಕೊಟ್ಟಿದ್ದೇನೆ; ಜಾಬ್ ಷೀಟ್ ನಂಬರ್ ಇಂಥದು. ಈವರೆಗೆ ಸರಿಯಾಗಿಲ್ಲ. ಈ ಪತ್ರ ತಲುಪಿದ ೧೫ ದಿನಗಳಲ್ಲಿ ಉಚಿತವಾಗಿ ಸರಿಪಡಿಸಿ ಅಥವಾ ಬದಲಿಸಿ ಕೊಡಬೇಕು. ತಪ್ಪಿದಲ್ಲಿ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗುತ್ತದೆ. ಬಿಲ್ ಮತ್ತು ಜಾಬ್ ಷೀಟಿನ ಪ್ರತಿ ಲಗತ್ತಿಸಿದೆ.'

ಇಷ್ಟೇ! ಬೈಗುಳ ಬೇಡ, ಅಂಗಲಾಚುವುದೂ ಬೇಡ. ಮೂಲ ಬಿಲ್ ಮಾತ್ರ ಎಂದೂ ಕಳಿಸಬೇಡಿ, ಪ್ರತಿ ಸಾಕು. ಅಂಚೆಯ ರಸೀದಿ ಜೋಪಾನ.

ಅದಕ್ಕೂ ಬಗ್ಗದಿದ್ದರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ ೧೯೧೫. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ. ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ರಾಜಿಗೆ ಯತ್ನಿಸುತ್ತಾರೆ. ಎಷ್ಟೋ ದೂರುಗಳು ಇಲ್ಲೇ ಬಗೆಹರಿಯುವುದುಂಟು.

ಇಲ್ಲೂ ಆಗಲಿಲ್ಲವೆಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನಮ್ಮ ದೇಶದಲ್ಲಿ ಈ ಕಾಯಿದೆ ಮೊದಲು ಬಂದದ್ದು ೧೯೮೬ರಲ್ಲಿ. ಈಗಿರುವ ೨೦೧೯ರ ಕಾಯಿದೆ ಜಾರಿಗೆ ಬಂದದ್ದು ೨೦೨೦ರ ಜುಲೈಯಲ್ಲಿ. ಇದರಲ್ಲಿ ಗೃಹಿಣಿಯರಿಗೆ ಅನುಕೂಲವಾದ ಅಂಶವೊಂದಿದೆ. ಕಂಪನಿಯ ಕಚೇರಿ ದೆಹಲಿಯಲ್ಲಿರಲಿ ಮುಂಬಯಿಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಮಾನಿಗೆ ಕೊಟ್ಟ ಹಣ ೫ ಲಕ್ಷ ರೂ. ಮೀರದಿದ್ದರೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ, ನೀವೇ ನಿಂತು ಹೇಳಬಹುದು. ದೂರಿಗೆ ಕಾರಣ ಒದಗಿದ ಎರಡು ವರ್ಷಗಳೊಳಗೆ ಕೊಡಬೇಕು, ಅದನ್ನು ಮರೆಯಬೇಡಿ. ತೀರ್ಪು ಬರುವುದು ಕಾಯಿದೆ ಹೇಳಿದಷ್ಟು ಬೇಗ ಆಗದೆ ಹೋಗಬಹುದು, ತಾಳ್ಮೆ ಬೇಕು. ಆದರೆ ದೋಷ ರುಜುವಾತಾದರೆ ರಿಪೇರಿ, ಬದಲಿ ಸಾಮಾನು ಇಲ್ಲವೇ ಹಣ ವಾಪಸಿಗೆ ಆಯೋಗ ಆದೇಶ ಕೊಡಬಲ್ಲದು. ಪರಿಹಾರವನ್ನೂ ಕೊಡಿಸಬಹುದು.

'ಒಂದು ಹಾಡಿನ ಪೆಟ್ಟಿಗೆಗೆ ಇಷ್ಟೆಲ್ಲ ರಂಪವೇ?' ಎಂದು ಮನೆಯಲ್ಲೇ ಯಾರಾದರೂ ನಕ್ಕಾರು. ನಗಲಿ ಬಿಡಿ. ಇದೇ ದಾರಿ ಫ್ರಿಜ್ಜಿಗೂ ಆಗುತ್ತದೆ, ಮಿಕ್ಸಿಗೂ ಆಗುತ್ತದೆ, ವಾಷಿಂಗ್ ಮೆಷಿನ್ನಿಗೂ ಆಗುತ್ತದೆ. ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಸಾವಿರಗಟ್ಟಲೆ ಕೊಟ್ಟ ಸಾಮಾನಿಗೆ ಬಾಯಿ ಬಿಡದಿದ್ದರೆ ಹೇಗೆ? ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ.

ನಾಳೆ ಮಧ್ಯಾಹ್ನ ಅಡಿಗೆ ಕೆಲಸ ಮುಗಿದ ಮೇಲೆ ಬೀರು ತೆರೆದು, ಮನೆಯ ಎಲ್ಲ ಸಾಮಾನುಗಳ ಬಿಲ್ಲು, ವಾರಂಟಿ ಕಾರ್ಡುಗಳನ್ನು ಒಂದು ಫೈಲಿಗೆ ಸೇರಿಸಿ. ಮೇಲೆ ವಾರಂಟಿ ಮುಗಿಯುವ ತಾರೀಖು ಬರೆದಿಡಿ. ಇನ್ನು ಮೇಲೆ 'ಯಜಮಾನ್ರು ಇಲ್ವಾ ಅಮ್ಮಾ?' ಎಂದು ಯಾರಾದರೂ ಕೇಳಿದರೆ ಆ ಫೈಲನ್ನು ಕೈಯಲ್ಲಿ ಹಿಡಿದು ಹೇಳಿ: 'ಇದನ್ನು ಕೊಂಡವಳು ನಾನೇ. ಏನು ಹೇಳಬೇಕೋ ನನಗೆ ಹೇಳಪ್ಪಾ, ಬರೆದೂ ಕೊಡು!'