ದೇವರು ತಡ ಮಾಡ್ತಾನಾ?

ಪ್ರಾರ್ಥನೆ ಮಾಡಿ ಮಾಡಿ ಸಾಕಾಗಿದೆಯಾ?
ಹಾಗಾದ್ರೆ ಬೈಬಲಿನ ಯೋಸೇಫನ ಕಥೆ ಕೇಳಿ.

17ನೇ ವಯಸ್ಸಲ್ಲಿ ಅಣ್ಣಂದಿರೇ ಮಾರಿಬಿಟ್ರು.
ಐಗುಪ್ತದಲ್ಲಿ, ಮಾಡದ ತಪ್ಪಿಗೆ ಜೈಲು.
ಅಲ್ಲೂ ಸುಮ್ನೆ ಕೂರಲಿಲ್ಲ ಬಿಡಿ, ಕೈದಿಗಳ ಉಸ್ತುವಾರಿಯೆಲ್ಲ ಅವನದೇ.

ಅರಸ ಫರೋಹನ ಪಾನದಾಯಕನೂ ಅಲ್ಲೇ ಇದ್ದ.
ಯೋಸೇಫ ಅವನ ಕನಸಿಗೆ ಅರ್ಥ ಹೇಳಿದ.
ಹೊರಗೆ ಹೋದ್ಮೇಲೆ ನನ್ನ ವಿಷಯ ಫರೋಹನ ಕಿವಿಗೆ ಹಾಕು ಅಂತ ಕೇಳ್ಕೊಂಡ.
ಆತ ಹೋದ. ಮರೆತೇಬಿಟ್ಟ!
ಪೂರ್ತಿ 2 ವರ್ಷ.

ಮರುದಿನವೇ ಹೇಳಿದ್ದಿದ್ರೆ?
ಯೋಸೇಫ ಊರು ಸೇರ್ಕೋತಿದ್ನೇನೋ.
ಯಾರಿಂದಲೂ ಅರ್ಥ ಹೇಳೋಕಾಗದ ಆ ಕನಸು ಫರೋಹನಿಗೆ ಇನ್ನೂ ಬಿದ್ದೇ ಇರಲಿಲ್ಲ!
ಹದ ಬರೋ ಮೊದಲೇ ಬಿತ್ತಿದ ಹಾಗೆ.
ಬೀಜ ಒಳ್ಳೇದೇ, ಮೊಳಕೆ ಇಲ್ಲ.

ಕನಸು ಬಿತ್ತು. ಪಾನದಾಯಕನಿಗೆ ನೆನಪಾಯ್ತು.
ಗಡ್ಡ ಬೋಳಿಸಿ, ಬಟ್ಟೆ ಬದಲಿಸಿ,
30ರ ಯೋಸೇಫ ನೇರ ಅರಮನೆಗೆ.
ಕನಸಿನ ಅರ್ಥ ಹೇಳಿದ, ದೇಶದ ಅಧಿಕಾರಿಯಾದ.
ಮುಂದೆ ಬರಗಾಲ.
ಅವನ ಹತ್ರ ಧಾನ್ಯ ಬೇಡ್ಕೊಂಡು ಬಂದೋರು ಯಾರು?
ಅದೇ ಅಣ್ಣಂದಿರು!